ಓದುಗರ ಪ್ರಶ್ನೆ: ದೆವ್ವ ಆಡುವ ಭಾಷೆ

ಪ್ರಶ್ನೆ: ನಮ್ಮ ಮನೆಮಾತು ತೆಲುಗು, ಓದುಬರಹ ಕನ್ನಡ. ಈಚೆಗೆ ಟಿ.ವಿ.ಯಲ್ಲಿ ‘ಆಪ್ತಮಿತ್ರ’ ಬಂದಾಗ ಕಾಲೇಜಿಗೆ ಹೋಗುವ ಮಗಳು, “ಅಪ್ಪಾ, ದೆವ್ವ ಮಾತ್ರ ಯಾಕೆ ನಮ್ಮ ಭಾಷೆ ಆಡುತ್ತದೆ?” ಎಂದಳು. ಹಳೆಯ ಇಂಗ್ಲಿಷ್ ದೆವ್ವದ ಚಿತ್ರಗಳಲ್ಲೂ ಕಪ್ಪು ಜನರಿಗೆ ಇದೇ ಗತಿ ಎನ್ನುತ್ತಾಳೆ. ಹಳೆಯದನ್ನು ಈಗಿನ ಅಳತೆಗೋಲಿನಿಂದ ಅಳೆಯುವುದು ಸರಿಯೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಬೇಸರಿಸಬೇಡಿ, ನಿಮ್ಮ ಪ್ರಶ್ನೆಗಿಂತ ಮಗಳ ಪ್ರಶ್ನೆಯೇ ಚುರುಕಾಗಿದೆ. 1993ರ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರದಲ್ಲಿ ದೆವ್ವವಾಗಿ ಬರುವ ನಾಗವಲ್ಲಿ ತಂಜಾವೂರಿನ ನರ್ತಕಿ, ಅವಳ ಮಾತು ತಮಿಳು. ಅದೇ ಕಥೆ 2004ರಲ್ಲಿ ಪಿ. ವಾಸು ನಿರ್ದೇಶನದಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದಾಗ ಅವಳ ಬಾಯಿಗೆ ತೆಲುಗು ಬಂತು. ಯಾವ ಭಾಷೆಯಾದರೂ ನಡೆಯುತ್ತದೆ, ನೆರೆಯವರದಾದರೆ ಸಾಕು. ದೆವ್ವ ಬಂದದ್ದು ಗೊತ್ತಾಗುವುದೇ ಮನೆಯ ಹೆಣ್ಣು ಮನೆಯ ಮಾತು ಬಿಟ್ಟಾಗ. ಅಡುಗೆಮನೆಯಿಂದ ಹಿತ್ತಲಿಗೆ ಕೂಗುವುದೂ ತೆಲುಗಿನಲ್ಲೇ ಆಗಿರುವ ನಿಮ್ಮಂಥ ಮನೆಗಳಲ್ಲಿ ಈ ಉಪಾಯ ಹೆದರಿಸುವ ಬದಲು ಮುಜುಗರ ತಂದರೆ ಅಚ್ಚರಿಯಿಲ್ಲ. ಆ ಪಾತ್ರಕ್ಕೆ ಜೀವ ತುಂಬಿ, ಚಿತ್ರ ತೆರೆ ಕಾಣುವ ಮೊದಲೇ ತೀರಿಕೊಂಡ ಸೌಂದರ್ಯ ನಿಮ್ಮ ಕೋಲಾರ ಜಿಲ್ಲೆಯವರೇ. ಆದರೂ ಆ ಚಿತ್ರ ನಾಗವಲ್ಲಿಗೆ ಒಂದು ನ್ಯಾಯವಾದ ಸಿಟ್ಟನ್ನು ಕೊಟ್ಟಿದೆ: ಅವಳ ಪ್ರಿಯಕರನನ್ನು ಕೊಂದವನು ರಾಜ.

ಎಷ್ಟೋ ಹಳೆಯ ಚಿತ್ರಗಳು ಅಷ್ಟನ್ನೂ ಕೊಡಲಿಲ್ಲ. ಹೈಟಿ ದೇಶ ಅಮೆರಿಕದ ಸೇನೆಯ ವಶದಲ್ಲಿದ್ದಾಗಲೇ, 1932ರಲ್ಲಿ, ಅಲ್ಲೇ ನಡೆಯುವ ಕಥೆಯಾಗಿ ಬಂದ ‘ವೈಟ್ ಜಾಂಬಿ’ಯಲ್ಲಿ ಸತ್ತು ಎದ್ದ ಕಪ್ಪು ಕೂಲಿಗಳು ಕಬ್ಬಿನ ಗಾಣ ತಿರುಗಿಸುತ್ತಿರುತ್ತಾರೆ, ಒಬ್ಬ ಆಯತಪ್ಪಿ ಅದರೊಳಕ್ಕೆ ಬೀಳುತ್ತಾನೆ, ಉಳಿದವರು ತಿರುಗಿಸುತ್ತಲೇ ಇರುತ್ತಾರೆ. ಹೆಸರಿಲ್ಲದ ಅವರ ಪಾಡು ಚಿತ್ರಕ್ಕೆ ಬೇಕಿಲ್ಲ. ಅದರ ಚಿಂತೆಯೆಲ್ಲ ಬಿಳಿಯ ನಾಯಕಿಯೊಬ್ಬಳು ಏನಾದಾಳೆಂಬುದು. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಬೇರೆಯೇ ಸಂಗತಿ. ನಿರ್ದೇಶಕ ಜಾರ್ಜ್ ರೊಮೆರೊ ನಾಯಕನ ಪಾತ್ರವನ್ನು ಕಪ್ಪು ನಟ ಡ್ವೇನ್ ಜೋನ್ಸ್ ಅವರಿಗೆ ಕೊಟ್ಟರು. ಬಣ್ಣದ ವಿಚಾರ ಕಥೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ರಾತ್ರಿಯಿಡೀ ಎದ್ದುಬಂದ ಹೆಣಗಳೊಡನೆ ಹೋರಾಡಿ ಉಳಿದವನು ಬೆಳಗ್ಗೆ ಕಿಟಕಿಯಿಂದ ಇಣುಕಿದಾಗ, ರಕ್ಷಿಸಲು ಬಂದ ಬಿಳಿಯರ ಗುಂಪು ಅವನನ್ನೂ ದೆವ್ವವೆಂದು ತಿಳಿದು ಹಣೆಗೆ ಗುಂಡು ಹೊಡೆಯುತ್ತದೆ. ಆಮೇಲೆ ಬರುವುದು ಮಸುಕಾದ ಸ್ಥಿರಚಿತ್ರಗಳು, ಕೈಯಲ್ಲಿ ಕೊಕ್ಕೆ ಹಿಡಿದವರು, ಬೆಂಕಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲಿ ಅದನ್ನು ನೋಡಿದವರಿಗೆ ವಿವರಣೆ ಬೇಕಿರಲಿಲ್ಲ.

ಆದ್ದರಿಂದ ಅಳತೆಗೋಲು ಈಗಿನದೇ ಇರಲಿ, ಅಡ್ಡಿಯಿಲ್ಲ. ಎಷ್ಟು ಮಂದಿ ಇದ್ದರೆಂದು ತಲೆ ಎಣಿಸಿ ಮುಗಿಸದೆ, ಅವರಿಗೆ ಹೆಸರು, ಮಾತು, ಸಿಟ್ಟಿಗೊಂದು ಕಾರಣ ಸಿಕ್ಕಿತೇ ಎಂದು ಮಗಳೊಡನೆ ಕೂತು ನೋಡಿ.

ಪ್ರಶ್ನೆ: ನಮ್ಮ ಹಳೆಯ ಚಿತ್ರಗಳಲ್ಲಿ ದೆವ್ವ ಹೆಚ್ಚಾಗಿ ಹೆಣ್ಣೇ ಏಕೆ?
– ಓದುಗರೊಬ್ಬರು, ಶಿರಾ

ಉತ್ತರ: ಒಬ್ಬನನ್ನು ಹಠಹಿಡಿದು ಬಯಸುವ ಹೆಣ್ಣನ್ನು ಬದುಕಿದ್ದಾಗ ತೋರಿಸಲು ಕಥೆಗಾರರಿಗೆ ಧೈರ್ಯವಿರಲಿಲ್ಲವೇನೋ. 1979ರ ‘ನಾ ನಿನ್ನ ಬಿಡಲಾರೆ’ಯ ದೆವ್ವವೂ ಹೆಣ್ಣೇ, ಆದರೆ ಅದು ಹೊಕ್ಕದ್ದು ಗಂಡಿನ ಮೈಯನ್ನು, ಅನಂತನಾಗ್ ಅದನ್ನು ನಗೆಪಾಟಲಾಗದಂತೆ ನಿಭಾಯಿಸಿದರು. ಸಿನಿಮಾವನ್ನೇ ದೂರಬೇಡಿ. ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲದಲ್ಲಿ, ರಾತ್ರಿ ಬಂದು ಕರೆಯುತ್ತಾಳೆಂದು ಊರವರು ಹೆದರುತ್ತಿದ್ದುದೂ ಹೆಣ್ಣಿಗೇ.