ರಾತ್ರಿಯ ಪ್ರಾಣಿಗಳನ್ನು ಮಕ್ಕಳಿಗೆ ಬೆಳಿಗ್ಗೆ ಪರಿಚಯಿಸುವುದು

ನಮಸ್ಕಾರ. ದಸರಾ ರಜೆಗೆ ಬರುವ ತಂಗಿಯ ಮಕ್ಕಳಿಗೆ ರಾತ್ರಿ ಓಡಾಡುವ ಕಾಡುಪ್ರಾಣಿಗಳನ್ನು ತೋರಿಸಬೇಕೆಂದಿದೆ, ಆದರೆ ಐದು ಮತ್ತು ಏಳು ವರ್ಷದ ಆ ಮಕ್ಕಳು ಕತ್ತಲಾದರೆ ಅಂಗಳಕ್ಕೂ ಇಳಿಯುವುದಿಲ್ಲ, ಏನು ಮಾಡಲಿ ಎಂದು ತಾವು ಕೇಳಿದ್ದೀರಿ. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮೊಮ್ಮಕ್ಕಳೊಡನೆ ಮಾಡಿ ನೋಡಿದ್ದನ್ನು ಬರೆಯುತ್ತೇನೆ. ಕತ್ತಲಲ್ಲಿ ಕಾಡಿಗೆ ಕರೆದೊಯ್ಯುವ ಯೋಚನೆ ಬೇಡ. ರಾತ್ರಿ ಬಂದುಹೋದವರ ಗುರುತನ್ನು ಬೆಳಿಗ್ಗೆ ಹುಡುಕಿಸುವುದರಿಂದ ಆರಂಭಿಸಿ. ಊಟ ಮಾಡದಿದ್ದರೆ ಗುಮ್ಮ ಬರುತ್ತದೆ ಎಂದು ಹೆದರಿಸುವುದನ್ನು ಮನೆಯ ಹಿರಿಯರು ಈ ರಜೆಯ ಮಟ್ಟಿಗಾದರೂ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು, ತೋಟಕ್ಕೆ ಇಳಿಯುವ ಕಾಲುದಾರಿಯಲ್ಲಿ ಮೊಳದಗಲ ಹರಡಿಸಿ, ಅಡಿಕೆ ಹಾಳೆಯ ಅಂಚಿನಿಂದ ನುಣ್ಣಗೆ ಎಳೆಸಿ. ಬೆಳಿಗ್ಗೆ ಹೆಜ್ಜೆ ಮೂಡಿದ್ದರೆ ಮಕ್ಕಳಿಂದಲೇ ಬೆರಳು ಎಣಿಸಿಸಿ. ನಾಲ್ಕು ಬೆರಳಿದ್ದು ಉಗುರಿನ ಗುರುತಿಲ್ಲದಿದ್ದರೆ ಅದು ಬೆಕ್ಕಿನ ಜಾತಿ. ನಾಲ್ಕು ಬೆರಳಿನ ಮುಂದೆ ಉಗುರೂ ಊರಿದ್ದರೆ ಹೆಚ್ಚಾಗಿ ನಮ್ಮನೆಯ ನಾಯಿಯೇ. ಐದು ಬೆರಳು ಕಂಡರೆ ಕಬ್ಬೆಕ್ಕೋ ಪುನುಗು ಬೆಕ್ಕೋ ಬಂದಿರಬಹುದು. ಹೆಸರಿನಲ್ಲಿ ಬೆಕ್ಕಿದ್ದರೂ ಇವು ಬೆಕ್ಕಿನ ಕುಟುಂಬದವಲ್ಲ ಎಂಬುದನ್ನು ಆ ಬೆರಳುಗಳನ್ನು ತೋರಿಸಿಯೇ ಹೇಳಬಹುದು.

ಕಬ್ಬೆಕ್ಕು ಬಂದುಹೋದದ್ದಕ್ಕೆ ಇನ್ನೊಂದು ಸಾಕ್ಷಿ ಅದರ ಹಿಕ್ಕೆ. ಬಂಡೆಯ ಮೇಲೋ ಪಾಗಾರದ ಮೇಲೋ ಬಿದ್ದ ಒಣ ಹಿಕ್ಕೆಯನ್ನು ಕೋಲಿನಿಂದ ಬಿಡಿಸಿದರೆ (ಕೈಯಿಂದ ಬೇಡ) ಬೈನೆಯ ಬೀಜಗಳೋ ಕಾಫಿ ಬೀಜಗಳೋ ಇಡಿಯಾಗಿ ಸಿಗುತ್ತವೆ, ಏಕೆಂದರೆ ಅದಕ್ಕೆ ಅರಗುವುದು ಹಣ್ಣಿನ ತಿರುಳು ಮಾತ್ರ. ದರೆಯ ತುದಿಯಲ್ಲಿರುವ ಬೈನೆ ಮರವನ್ನು ಯಾರು ನೆಟ್ಟರು ಎಂದು ನನ್ನ ಮೊಮ್ಮಗಳು ಒಮ್ಮೆ ಕೇಳಿದ್ದಳು. ಉತ್ತರವಾಗಿ ಈ ಹಿಕ್ಕೆಯನ್ನೇ ತೋರಿಸಿದ್ದೆ. ಹಾಗೆಯೇ, ಬಾವಲಿಗಳು ಹಣ್ಣಡಿಕೆಯ ಸಿಪ್ಪೆಯ ರಸವನ್ನು ಹೀರಿ ಒಂದೇ ಕಡೆ ಉದುರಿಸಿದ ಅಡಿಕೆಯನ್ನು ನಾವೆಲ್ಲರೂ ಆರಿಸುತ್ತೇವಲ್ಲ, ಆ ಕೆಲಸಕ್ಕೆ ಮಕ್ಕಳನ್ನೂ ಹಚ್ಚಿ. ನಾರು ಕೆದರಿದ ಸಿಪ್ಪೆಯ ಮೇಲೆ ಹಲ್ಲಿನ ಗುರುತು ಕಾಣುತ್ತದೆ.

ಮುಳ್ಳುಹಂದಿಯ ಕಪ್ಪುಬಿಳುಪಿನ ಮುಳ್ಳು ಸಿಕ್ಕರೆ ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂಬ ಮಾತನ್ನು ದಯವಿಟ್ಟು ಹೇಳಬೇಡಿ. ಅದು ಮೊದಲು ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲುಗಿಸಿ ಎಚ್ಚರಿಸುತ್ತದೆ, ಆಮೇಲೂ ಬಿಡದವರ ಮೇಲೆ ಹಿಮ್ಮುಖವಾಗಿ ನುಗ್ಗುತ್ತದೆ. ಆಗ ಸಡಿಲವಾದ ಮುಳ್ಳುಗಳು ಚುಚ್ಚಿಕೊಂಡು ಕಳಚಿ ಬರುತ್ತವೆ. ನಮ್ಮ ಅಡಿಕೆ ಸಸಿಗಳನ್ನು ಬುಡದಲ್ಲೇ ಕಡಿದುಹಾಕಿದ ಪ್ರಾಣಿಯ ಪರವಾಗಿ ನಾನು ಇಷ್ಟು ವಾದಿಸುತ್ತಿರುವುದು ಮನೆಯವರಿಗೆ ಇಷ್ಟವಿಲ್ಲ.

ಎರಡು ಮೂರು ದಿನ ಹೀಗೆ ಕಳೆದ ಮೇಲೆ ಮಕ್ಕಳೇ ರಾತ್ರಿ ನೋಡೋಣವೆನ್ನುತ್ತಾರೆ. ಆಗ ದೀಪ ಆರಿಸಿ, ಜಗಲಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು, ಕಣ್ಣು ಕತ್ತಲಿಗೆ ಹೊಂದಿದ ಬಳಿಕ ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ಅಂಗಳದ ಹುಲ್ಲಿನತ್ತ ಬಿಡಿ. ಹುಲ್ಲಿನಲ್ಲಿ ಸಾಸಿವೆಯಷ್ಟು ಸಣ್ಣ ಚುಕ್ಕೆಗಳು ಮಿನುಗಿದರೆ ಅವು ಇಬ್ಬನಿಯಲ್ಲ, ಬೇಟೆಗೆ ಹೊರಟ ಜೇಡಗಳ ಕಣ್ಣುಗಳು. ರಾತ್ರಿಯ ಅನೇಕ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿರುವುದನ್ನು ಸೈಕಲ್ಲಿನ ರಿಫ್ಲೆಕ್ಟರ್ ತೋರಿಸಿ ವಿವರಿಸಿದರೆ ಐದು ವರ್ಷದವರಿಗೂ ತಿಳಿಯುತ್ತದೆ. ಮರದಲ್ಲಿ ಕಣ್ಣು ಹೊಳೆದರೆ ಬೆಳಕನ್ನು ಅಲ್ಲೇ ನಿಲ್ಲಿಸಬೇಡಿ, ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿದರೆ ಇನ್ನೂ ಒಳ್ಳೆಯದು. ಹಾರುಬೆಕ್ಕು, ಅಂದರೆ ಹಾರುವ ಅಳಿಲು, ನಿಜವಾಗಿ ಹಾರದೆ ಮುಂಗಾಲು ಹಿಂಗಾಲುಗಳ ನಡುವಿನ ಚರ್ಮವನ್ನು ಬಿಡಿಸಿ ತೇಲುವುದನ್ನು ಬೈರಾಸು ಹಿಡಿದು ಅಭಿನಯಿಸಬಹುದು. ಜಗಲಿಯಿಂದ ಜಿಗಿಯಲು ಮಾತ್ರ ಬಿಡಬೇಡಿ.

ಕಟ್ಟುಹಾವು ರಾತ್ರಿಯೇ ಸಂಚರಿಸುವುದರಿಂದ ಅಂಗಳಕ್ಕಿಳಿದರೂ ಗಂಬೂಟು ಇರಲಿ. ಇದೇ ಮಕ್ಕಳು ಬೇಸಿಗೆ ರಜೆಗೆ ಬಂದರೆ ಹಗಲಾದರೂ ಕಾಡಿನ ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂರಿಸಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಆ ತಿಂಗಳುಗಳಲ್ಲಿ ಹೆಚ್ಚು.

ಮೊದಲೆರಡು ದಿನ ಬೂದಿಯಲ್ಲಿ ಏನೂ ಮೂಡದಿದ್ದರೆ ಮೂರನೆಯ ರಾತ್ರಿ ನಾಯಿಯನ್ನು ಕಟ್ಟಿಹಾಕಿ ನೋಡಿ.