ಸಂಪಾದಕರ ಉತ್ತರ: 140 ಕೋಟಿಯ ಲೆಕ್ಕ

(ಗೋವಾದ ವಾಸ್ಕೋದ ಓದುಗರೊಬ್ಬರ ಪತ್ರದ ಸಾರ, ಹೆಸರು ಪ್ರಕಟಿಸುವುದು ಬೇಡವೆಂದಿದ್ದಾರೆ. ‘2025ರ ಅಕ್ಟೋಬರ್ 14ರಂದು ಮೊಮ್ಮಗನನ್ನು ಕರೆದುಕೊಂಡು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣಕ್ಕೆ ಹೋಗಿ ಭಾರತ–ಸಿಂಗಪುರ ಫುಟ್‌ಬಾಲ್ ಪಂದ್ಯ ನೋಡಿದೆ. ನವೆಂಬರ್ ಸಂಚಿಕೆಯಲ್ಲಿ ಆ ಪಂದ್ಯಕ್ಕೆ ನೀವು ಎರಡು ಪುಟ ಕೊಟ್ಟಿರಿ, ಆದರೆ ಸೋಲಿಗೆ ಹೊಣೆ ಯಾರೆಂದು ಹೇಳಲಿಲ್ಲ. 60 ಲಕ್ಷ ಜನರ ಸಿಂಗಪುರಕ್ಕೆ ಹನ್ನೊಂದು ಆಟಗಾರರು ಸಿಗುತ್ತಾರೆ, 140 ಕೋಟಿಯ ನಮಗೇಕೆ ಸಿಗುವುದಿಲ್ಲ ಎಂದು ಮೊಮ್ಮಗ ಕೇಳಿದ, ನನ್ನಲ್ಲಿ ಉತ್ತರವಿರಲಿಲ್ಲ. ಈಗ ಢಾಕಾದಲ್ಲೂ ಸೋತಿದ್ದೇವೆ. ವಿದೇಶಗಳಲ್ಲಿರುವ ಭಾರತ ಮೂಲದ ಆಟಗಾರರನ್ನು ಕರೆತರದೆ ಇದು ಸರಿಹೋಗದು. ಅಲ್ಲಿಯವರೆಗೆ ನಿಮ್ಮ ಪುಟಗಳನ್ನು ಗೆಲ್ಲುವ ಆಟಗಳಿಗೆ ಮೀಸಲಿಡಿ.’)

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಉತ್ತರಿಸುವ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಕ್ಟೋಬರ್ ಸಂಚಿಕೆಯಲ್ಲಿ ‘ಸೌದಿಯ ಬಾಗಿಲು ಫತೋರ್ಡಾದಲ್ಲಿದೆ’ ಎಂಬ ತಲೆಬರಹ ಕೊಟ್ಟವನು ನಾನೇ. 2027ರ ಏಷ್ಯಾ ಕಪ್ ಸೌದಿ ಅರೇಬಿಯಾದಲ್ಲಿ ನಡೆಯಲಿದೆ, ಅದರ ಅರ್ಹತಾ ಪಂದ್ಯವೊಂದು ನಮ್ಮ ಮಡಗಾಂವ್‌ಗೆ ಬಂದಿದೆ ಎಂಬ ಉಬ್ಬಿನಲ್ಲಿ ಬರೆದ ಸಾಲು ಅದು. ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಹಾಗಾಗಿ ಈ ಸಲ ಅಂಕಪಟ್ಟಿಯಿಂದಲೇ ಆರಂಭಿಸುತ್ತೇನೆ.

ಭಾರತ, ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಎಂಬ ನಾಲ್ಕು ತಂಡಗಳ ಗುಂಪಿನಲ್ಲಿ ಪ್ರತಿಯೊಂದು ತಂಡಕ್ಕೂ ಆರು ಪಂದ್ಯಗಳು. ಮೊದಲ ಸ್ಥಾನ ಪಡೆದವರಿಗಷ್ಟೇ ಪ್ರವೇಶ. ಗುಂಪುಗಳನ್ನು ವಿಂಗಡಿಸಿದಾಗ ಈ ನಾಲ್ವರಲ್ಲಿ ಮೇಲಿನ ಶ್ರೇಯಾಂಕ ಇದ್ದದ್ದು ನಮ್ಮದೇ. ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದೊಡನೆ ಗೋಲಿಲ್ಲದ ಡ್ರಾ. ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ, ಆಟ ಮುಗಿಯಲು ಕ್ಷಣಗಳಿರುವಾಗ ಸಿಕ್ಕ ಪೆನಾಲ್ಟಿಯನ್ನು ಸ್ಟೆಫಾನ್ ಪೆರೇರಾ ಗೋಲಾಗಿಸಿದ್ದರಿಂದ 0–1ರ ಸೋಲು. ಅಕ್ಟೋಬರ್ 9ರಂದು ಸಿಂಗಪುರದಲ್ಲಿ ಸಂದೇಶ್ ಝಿಂಗನ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಹತ್ತು ಜನರಲ್ಲೇ ಆಡಿ, ಕೊನೆಯ ಗಳಿಗೆಯಲ್ಲಿ ರಹೀಂ ಅಲಿ ಹೊಡೆದ ಗೋಲಿನಿಂದ 1–1. ಅಲ್ಲಿಗೆ ಮೂರು ಪಂದ್ಯಗಳಿಂದ ನಮ್ಮ ಗಳಿಕೆ ಎರಡು ಅಂಕ.

ತಾವು ನೋಡಿದ ರಾತ್ರಿ 14ನೇ ನಿಮಿಷದಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ದೂರದಿಂದ ಹೊಡೆದ ಚೆಂಡು ಬಲೆ ಸೇರಿದಾಗ ಕ್ರೀಡಾಂಗಣವೇ ಎದ್ದು ನಿಂತಿತ್ತು. ವಿರಾಮಕ್ಕೆ ಒಂದು ನಿಮಿಷ ಮೊದಲು ಒಂದು, 58ನೇ ನಿಮಿಷದಲ್ಲಿ ಇನ್ನೊಂದು ಗೋಲು ಹೊಡೆದು ಸಿಂಗಪುರದ ಸಾಂಗ್ ಉಯ್-ಯಂಗ್ ಅದನ್ನು ಕೂರಿಸಿದರು. ಆದರೆ ಆ ಎರಡು ಗೋಲು ಆಗದೆ ಭಾರತವೇ ಗೆದ್ದಿತ್ತೆಂದು ಭಾವಿಸಿ. ನಮಗೆ 5 ಅಂಕಗಳಾಗುತ್ತಿದ್ದವು. ಅದೇ ದಿನ ಬಾಂಗ್ಲಾದೇಶದೊಡನೆ ಡ್ರಾ ಮಾಡಿಕೊಂಡ ಹಾಂಗ್‌ಕಾಂಗ್ 8ರಲ್ಲಿತ್ತು. ಮುಂದೆ ಢಾಕಾದಲ್ಲಿ ಗೆದ್ದು, ತವರಿನಲ್ಲಿ ಹಾಂಗ್‌ಕಾಂಗ್ ಅನ್ನೂ ಸೋಲಿಸಬೇಕಿತ್ತು. ಬಾಗಿಲು ಫತೋರ್ಡಾದಲ್ಲಿ ಇರಲೇ ಇಲ್ಲ. ಅಲ್ಲಿ ಇದ್ದದ್ದು ಒಂದು ಕಿಟಕಿ, ಅದೂ ಅರೆತೆರೆದದ್ದು. ಸೋತದ್ದರಿಂದ ಅದೂ ಮುಚ್ಚಿತು: ಉಳಿದೆರಡು ಪಂದ್ಯ ಗೆದ್ದರೂ ನಾವು 8ಕ್ಕೆ ನಿಲ್ಲುತ್ತಿದ್ದೆವು, ಆಗಲೇ ತಲಾ 8 ಅಂಕ ಗಳಿಸಿದ್ದ ಸಿಂಗಪುರ ಮತ್ತು ಹಾಂಗ್‌ಕಾಂಗ್ ಪರಸ್ಪರ ಆಡಬೇಕಿದ್ದುದರಿಂದ ಅವರಲ್ಲಿ ಒಬ್ಬರಾದರೂ ಅದನ್ನು ದಾಟುವುದು ಖಚಿತವಿತ್ತು. ನವೆಂಬರ್ 18ರಂದು ಸಿಂಗಪುರ 2–1ರಿಂದ ಗೆದ್ದು ಆ ಕೆಲಸ ಮುಗಿಸಿತು. ಅದೇ ದಿನ ಢಾಕಾದಲ್ಲಿ ನಾವು 0–1ರಿಂದ ಸೋತೆವು. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ಮೇಲೆ. ನನ್ನ ಮಟ್ಟಿಗೆ ಈ ಅರ್ಹತೆ ಕೈಜಾರಿದ್ದು ಶಿಲ್ಲಾಂಗ್‌ನಲ್ಲಿ. ತವರಿನಲ್ಲಿ, ಗುಂಪಿನ ಅತಿ ಕೆಳ ಶ್ರೇಯಾಂಕದ ತಂಡದೆದುರು, ಅವಕಾಶಗಳು ಎದುರಿಗಿದ್ದಾಗ ಎರಡು ಅಂಕ ಕಳೆದುಕೊಂಡವರು ಮುಂದೆಲ್ಲ ಸಾಲ ತೀರಿಸುತ್ತಲೇ ಇರಬೇಕಾಯಿತು. ಇದೇ ಹಾಂಗ್‌ಕಾಂಗ್ ಅನ್ನು 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ 4–0ಯಿಂದ ಸೋಲಿಸಿ ಹಿಂದಿನ ಏಷ್ಯಾ ಕಪ್‌ಗೆ ಹೋಗಿದ್ದೆವು ಎಂಬುದನ್ನು ನೆನೆದರೆ ಮೂರು ವರ್ಷಗಳಲ್ಲಿ ಎಷ್ಟು ಇಳಿದಿದ್ದೇವೆ ಎಂಬುದು ಗೊತ್ತಾಗುತ್ತದೆ.

ಹೊಣೆ ಯಾರದೆಂದು ಕೇಳಿದ್ದೀರಿ. ತರಬೇತುದಾರರ ಹೆಸರು ಹೇಳುವುದು ಸುಲಭ, ಏಕೆಂದರೆ ಹದಿನಾಲ್ಕು ತಿಂಗಳಲ್ಲಿ ಮೂವರು ಸಿಗುತ್ತಾರೆ. 2024ರ ಜೂನ್‌ನಲ್ಲಿ ಇಗೊರ್ ಸ್ಟಿಮಾಚ್ ಅವರನ್ನು ತೆಗೆದರು. ಅವರ ಜಾಗಕ್ಕೆ ಬಂದ ಮನೋಲೊ ಮಾರ್ಕೆಸ್ ಒಂದು ಪೂರ್ತಿ ಋತುವಿನಲ್ಲಿ ಎಫ್‌ಸಿ ಗೋವಾದ ತರಬೇತುದಾರರೂ ಆಗಿದ್ದರು. ಕ್ಲಬ್ಬಿಗೆ ಅವರು ಚೆನ್ನಾಗಿಯೇ ದುಡಿದರು, ಆದರೆ ರಾಷ್ಟ್ರೀಯ ತಂಡದ ಕೆಲಸ ಎರಡನೆಯ ಪಾಳಿಯ ಕೆಲಸವಾಗಬಾರದಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಖಾಲಿದ್ ಜಮೀಲ್, ನಮ್ಮ ಗೋವಾದ ಸಾವಿಯೊ ಮೆದೇರಾ ಅವರ ನಂತರ ಹದಿಮೂರು ವರ್ಷಗಳಲ್ಲಿ ಈ ಹುದ್ದೆಗೇರಿದ ಮೊದಲ ಭಾರತೀಯ. ಅವರ ಕೈಗೆ ಬಂದದ್ದು ಎರಡು ಪಂದ್ಯಗಳಿಂದ ಒಂದೇ ಅಂಕವಿದ್ದ ತಂಡ. ಫತೋರ್ಡಾದ ಸೋಲನ್ನು ಅವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ಇನ್ನು ತಮ್ಮ ಮೊಮ್ಮಗನ ಪ್ರಶ್ನೆ. ಪತ್ರದಲ್ಲಿ ಅತ್ಯುತ್ತಮವಾದದ್ದು ಅದೇ, ಆದರೆ ಅದರೊಳಗಿನ ಅಂಕಿಯನ್ನು ಬದಲಿಸಬೇಕು. ತಾವಿಬ್ಬರೂ ಫತೋರ್ಡಾಕ್ಕೆ ಹೊರಡುವ ಹಿಂದಿನ ದಿನವಷ್ಟೇ ಕೇಪ್ ವರ್ಡ್ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ನಮ್ಮಂತೆಯೇ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಆ ದ್ವೀಪಗಳ ಜನಸಂಖ್ಯೆ ಸುಮಾರು 5 ಲಕ್ಷ. ಗೋವಾದ ಮೂರನೆಯ ಒಂದು ಪಾಲು. ನಾವು ಢಾಕಾದಲ್ಲಿ ಸೋತ ನವೆಂಬರ್ 18ರಂದೇ ಕ್ಯುರಸಾವ್ ಎಂಬ, ಸುಮಾರು ಒಂದೂವರೆ ಲಕ್ಷ ಜನರ ಕೆರಿಬಿಯನ್ ದ್ವೀಪ ಜಮೈಕಾದಲ್ಲಿ ಡ್ರಾ ಮಾಡಿಕೊಂಡು ವಿಶ್ವಕಪ್‌ಗೆ ಹೊರಟಿತು. ವಾಸ್ಕೋ ಇರುವ ನಮ್ಮ ಮುರಗಾಂವ್ ತಾಲ್ಲೂಕಿನಷ್ಟೇ ಜನರ ದೇಶ! ಅಂದಮೇಲೆ 140 ಕೋಟಿ ಎಂಬುದು ಫುಟ್‌ಬಾಲಿಗೆ ಸಂಬಂಧಿಸಿದ ಸಂಖ್ಯೆಯೇ ಅಲ್ಲ. ಅದು ಜನಗಣತಿಯವರಿಗೆ ಬೇಕಾದ ಲೆಕ್ಕ. ಎಷ್ಟು ಹುಡುಗರು, ಎಷ್ಟನೆಯ ವಯಸ್ಸಿನಿಂದ, ವರ್ಷಕ್ಕೆ ಎಷ್ಟು ನಿಜವಾದ ಪಂದ್ಯಗಳನ್ನು ಆಡುತ್ತಾರೆ ಎಂಬುದಷ್ಟೇ ಇಲ್ಲಿ ಎಣಿಕೆಗೆ ಬರುತ್ತದೆ.

ಆ ಎರಡೂ ದ್ವೀಪಗಳು ಹೊರದೇಶಗಳಲ್ಲಿ ಹುಟ್ಟಿದವರನ್ನು ಆಡಿಸಿದವಲ್ಲವೇ ಎಂದು ತಾವು ಹೇಳಬಹುದು; ಅದು ನಿಜ. ಕ್ಯುರಸಾವ್ ತಂಡದ ಬಹುಪಾಲು ಆಟಗಾರರು ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ನಮ್ಮ ಎದುರಾಳಿಗಳೂ ಹಾಗೆಯೇ ಮಾಡಿದ್ದಾರೆ: ಬಾಂಗ್ಲಾದೇಶ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹಮ್ಜಾ ಚೌಧರಿಯನ್ನು ಶಿಲ್ಲಾಂಗ್‌ನಲ್ಲೇ ಮೊದಲ ಬಾರಿಗೆ ಕಣಕ್ಕಿಳಿಸಿತು, ಹಾಂಗ್‌ಕಾಂಗ್‌ನ ಪೆರೇರಾ ಬ್ರೆಜಿಲ್‌ನವರು, ಸಾಂಗ್ ದಕ್ಷಿಣ ಕೊರಿಯಾದಲ್ಲಿ ಹುಟ್ಟಿ 2021ರಲ್ಲಿ ಸಿಂಗಪುರದ ಪೌರತ್ವ ಪಡೆದವರು. ನಮ್ಮ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಇಲ್ಲದವರು ಭಾರತಕ್ಕೆ ಆಡುವಂತಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ತಮ್ಮ ಆಸ್ಟ್ರೇಲಿಯಾದ ಪೌರತ್ವವನ್ನು ಬಿಟ್ಟುಕೊಟ್ಟೇ 2025ರ ನವೆಂಬರ್‌ನಲ್ಲಿ ನಮ್ಮವರಾದರು. ಅಂಥ ಒಬ್ಬಿಬ್ಬರು ಬರಲಿ, ಸ್ವಾಗತ. ಆದರೆ ಗೋವಾದಲ್ಲಿ ಕೂತು ಈ ಮಾತಾಡುವಾಗ ನನಗೆ ಸಣ್ಣಗೆ ನಗು ಬರುತ್ತದೆ. ಇಲ್ಲಿ ಪೌರತ್ವದ ಹೊಳೆ ಹರಿಯುವುದೇ ಇನ್ನೊಂದು ದಿಕ್ಕಿಗೆ: 1961ಕ್ಕೆ ಮೊದಲು ಇಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು ಹೊರಡುವುದನ್ನು ತಾವೂ ನಾನೂ ದಿನವೂ ನೋಡುತ್ತಿದ್ದೇವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕ್ಯುರಸಾವ್ ತನ್ನ ತಂಡಕ್ಕೆ ತಂದದ್ದು ಬರೀ ರಕ್ತಸಂಬಂಧವನ್ನಲ್ಲ; ಡಚ್ ಕ್ಲಬ್ಬುಗಳಲ್ಲಿ ಚಿಕ್ಕಂದಿನಿಂದ ವಾರವಾರವೂ ಪಂದ್ಯವಾಡಿ ಪಳಗಿದ ಕಾಲುಗಳನ್ನು. ಪಂದ್ಯಗಳ ಲೆಕ್ಕಕ್ಕೇ ಮತ್ತೆ ಬಂದೆವು.

ಆ ಲೆಕ್ಕದಲ್ಲಿ ನಮ್ಮ ಸ್ಥಿತಿ ಏನು? ಈಗಿನ ರಾಷ್ಟ್ರೀಯ ಲೀಗಾದ ಇಂಡಿಯನ್ ಸೂಪರ್ ಲೀಗಿನಲ್ಲಿ ಪ್ರತಿ ಕ್ಲಬ್ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ಗೋಲು ಹೊಡೆಯುವ ಜಾಗ ಹೆಚ್ಚಾಗಿ ಅವರದೇ. 2024–25ರ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದವರು 40 ವರ್ಷದ ಸುನಿಲ್ ಛೆಟ್ರಿ. 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡದಿಂದ ಕಣ್ಣೀರಿನ ವಿದಾಯ ಪಡೆದವರನ್ನು ಒಂಬತ್ತೇ ತಿಂಗಳಿಗೆ ಮತ್ತೆ ಕರೆಯಬೇಕಾಯಿತು. ಅದನ್ನು ಕೆಲವರು ಛೆಟ್ರಿಯ ಹಿರಿಮೆ ಎಂದರು. ಹಿರಿಮೆ ಹೌದು, ಆದರೆ ಅವರ ಬೆನ್ನ ಹಿಂದೆ ಖಾಲಿ ಬಿದ್ದ ಜಾಗವೂ ಅಷ್ಟೇ ನಿಚ್ಚಳವಾಗಿ ಕಾಣಿಸಿತು. 2025–26ರ ಋತುವಿನಲ್ಲಂತೂ ಲೀಗ್ ಸಮಯಕ್ಕೆ ಆರಂಭವಾಗಲೇ ಇಲ್ಲ. ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಪಾಲುದಾರರೊಡನೆ ಮಾಡಿಕೊಂಡ 15 ವರ್ಷಗಳ ಒಪ್ಪಂದದ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯಲಿದ್ದುದರಿಂದ, ಮುಂದೇನೆಂದು ತೀರ್ಮಾನವಾಗದೆ ಜುಲೈಯಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಹೊಸ ಟೆಂಡರಿಗೆ ನವೆಂಬರ್ 7ರ ಗಡುವಿನೊಳಗೆ ಒಂದು ಬಿಡ್ ಕೂಡ ಬರಲಿಲ್ಲ. ವಾರವಾರದ ಲೀಗ್ ಆಟ ಇಲ್ಲದೆ, ಶಿಬಿರದಿಂದ ನೇರವಾಗಿ ಬಂದವರು ಫತೋರ್ಡಾದ ಎರಡನೆಯ ಅರ್ಧದಲ್ಲಿ ಬಸವಳಿದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಇದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. ಬ್ರಹ್ಮಾನಂದ ಶಂಖವಾಳಕರ್, ಬ್ರೂನೋ ಕುಟಿನ್ಹೊ ಅವರಂಥವರನ್ನು ದೇಶಕ್ಕೆ ಕೊಟ್ಟ ಈ ನೆಲದಲ್ಲಿ 2016ರಲ್ಲಿ ಡೆಂಪೊ, ಸಾಳಗಾಂವಕರ್, ಸ್ಪೋರ್ಟಿಂಗ್ ಎಂಬ ಮೂರು ಕ್ಲಬ್ಬುಗಳು ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗಿನಿಂದ ಹಿಂದೆ ಸರಿದವು. ಹಣ ಸುರಿಯಬಲ್ಲವರಿಗಷ್ಟೇ ಮೇಲಿನ ಮೆಟ್ಟಿಲು, ಉಳಿದವರು ಗೆದ್ದರೂ ಕೆಳಗೇ ಇರಬೇಕು ಎಂಬ ಹೊಸ ವ್ಯವಸ್ಥೆಗೆ ಅವರ ಪ್ರತಿಭಟನೆ ಅದು. ಐದು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಡೆಂಪೊದಂಥ ಕ್ಲಬ್ ದೇಶದ ಆಟದಿಂದ ಹೊರಗುಳಿದ ವರ್ಷಗಳಲ್ಲಿ ಎಷ್ಟು ಹುಡುಗರ ಎಷ್ಟು ಪಂದ್ಯಗಳು ಇಲ್ಲವಾದವು ಎಂಬುದನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಜನರ, ಅಂದರೆ ಗೋವಾದ ಕನ್ನಡಿಗರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪತ್ರಿಕೆ ಇರುವುದು ಅವರಿಗಾಗಿ. ಹಾವೇರಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಕುಟುಂಬವೊಂದರ ಹುಡುಗ ನಮ್ಮ ಓಣಿಯಲ್ಲಿದ್ದಾನೆ. ಹದಿನಾಲ್ಕು ವರ್ಷ, ಎಡಗಾಲಿನ ಆಟಗಾರ, ಮೈದಾನದಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ. ಕಳೆದ ವರ್ಷ ರೆಫರಿ ಇದ್ದ ಎಷ್ಟು ಪಂದ್ಯ ಆಡಿದೆ ಎಂದು ಕೇಳಿದೆ. ಬೆರಳು ಮಡಚುತ್ತ ಎಣಿಸಿದ. ಎರಡನೆಯ ಕೈ ಬೇಕಾಗಲಿಲ್ಲ. ಅಭ್ಯಾಸಕ್ಕೆ ದಿನವೂ ಹೋಗುತ್ತಾನೆ, ಗದ್ದೆ ಕೊಯ್ಲಾದ ಮೇಲೆ ಅಲ್ಲಿಯೂ ಆಡುತ್ತಾನೆ. ಆದರೆ ಸೋಲು ಗೆಲುವು ದಾಖಲಾಗುವ ಆಟ ಅವನ ಪಾಲಿಗೆ ಹಬ್ಬದಷ್ಟು ಅಪರೂಪ. ಅವನಂಥವರಲ್ಲಿ ಸತ್ತ್ವವಿಲ್ಲ ಎನ್ನುವಂತಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದರು. ಆ ಅಂತಿಮ ಪಂದ್ಯ ನಡೆದದ್ದು ರಿಯಾದ್‌ನಲ್ಲಿ. ದೇಶದ ತಂಡಕ್ಕೆ ಈಗ ಪ್ರವೇಶ ಸಿಗದ ಅದೇ ಸೌದಿಯಲ್ಲಿ.

ಪುಟಗಳ ಬಗ್ಗೆ ಹೆಚ್ಚು ವಾದಿಸುವುದಿಲ್ಲ. ನವೆಂಬರ್ 2ರಂದು ಮಹಿಳಾ ಕ್ರಿಕೆಟ್ ತಂಡ ವಿಶ್ವಕಪ್ ಗೆದ್ದುದಕ್ಕೆ ಈ ಸಂಚಿಕೆಯಲ್ಲಿ ನಾಲ್ಕು ಪುಟಗಳಿವೆ, ಸಂತೋಷವಾಗಿಯೇ ಕೊಟ್ಟಿದ್ದೇವೆ. ಫುಟ್‌ಬಾಲಿನ ಎರಡು ಪುಟಗಳೂ ಉಳಿಯುತ್ತವೆ, ಆದರೆ ಅವುಗಳ ಕೆಲಸ ಬದಲಾಗುತ್ತದೆ. ಜನವರಿಯಿಂದ ವಾಸ್ಕೋ, ಮಡಗಾಂವ್, ಫೋಂಡಾಗಳಲ್ಲಿ ನಮ್ಮ ಮಕ್ಕಳು ಆಡಿದ ಪಂದ್ಯಗಳ ತಾರೀಖು, ಫಲಿತಾಂಶ, ಗೋಲು ಹೊಡೆದವರ ಹೆಸರುಗಳನ್ನು ಅಲ್ಲಿ ಅಚ್ಚು ಹಾಕುತ್ತೇವೆ. ತಮ್ಮ ಮೊಮ್ಮಗ ಆಡುತ್ತಾನೆಯೇ, ಆಡಿದರೆ ಯಾವ ಮೈದಾನದಲ್ಲಿ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ದಯವಿಟ್ಟು ತಿಳಿಸಿ.

— ಸಂಪಾದಕ