ವಾಸಿಯಾಗದ ಉರಿಯೂತವು ಗಡ್ಡೆಯನ್ನು ಬೆಳೆಸುವುದು ಹೇಗೆ?

ಡೊಂಬಿವಲಿಯಲ್ಲಿರುವ ನಿಮ್ಮ ತಂದೆಯವರಿಗೆ, ಎಲೆ ಅಡಿಕೆ ಮತ್ತು ತಂಬಾಕನ್ನು ಒತ್ತರಿಸಿಕೊಳ್ಳುವ ಕೆನ್ನೆಯ ಒಳಭಾಗದಲ್ಲೇ ವರ್ಷಗಳಿಂದ ಉರಿಯೂತವಿದೆ, ಅದು ಕ್ಯಾನ್ಸರಿಗೆ ದಾರಿಯಾಗುವುದು ಹೇಗೆ ಎಂದು ಕೇಳಿದ್ದೀರಿ.

ಗಾಯವಾದಾಗ ಬಿಳಿ ರಕ್ತಕಣಗಳು ಅಲ್ಲಿ ಸೇರಿ, ರೋಗಾಣುಗಳನ್ನು ಕೊಂದು, ಹೊಸ ಜೀವಕೋಶಗಳು ಬೆಳೆಯಲು ಸೂಚನೆ ಕೊಟ್ಟು ಹಿಂದೆ ಸರಿಯುತ್ತವೆ. ಕೆರಳಿಸುವ ವಸ್ತು ದಿನವೂ ಅಲ್ಲೇ ಇದ್ದರೆ ಈ ಹಿಂದೆ ಸರಿಯುವ ಹಂತವೇ ಬರುವುದಿಲ್ಲ. ಆ ಕಣಗಳು ಹೊರಬಿಡುವ ತೀವ್ರ ಕ್ರಿಯಾಶೀಲ ಆಮ್ಲಜನಕದ ಅಣುಗಳು ನೆರೆಯ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂಕೇತ ಪ್ರೋಟೀನುಗಳು, ಸಾಯಬೇಕಿದ್ದ ಕೆಟ್ಟ ಜೀವಕೋಶಗಳನ್ನೂ ಬದುಕಿಸಿ, ಅವು ಮತ್ತೆ ಮತ್ತೆ ವಿಭಜನೆಗೊಳ್ಳುವಂತೆ ಪ್ರಚೋದಿಸುತ್ತವೆ. ಗಡ್ಡೆ ಹುಟ್ಟಿದ ಮೇಲೆ ಅದರೊಳಗೆ ಸೇರಿದ ಮ್ಯಾಕ್ರೋಫೇಜುಗಳೆಂಬ ಬಿಳಿ ರಕ್ತಕಣಗಳು ಹೊಸ ರಕ್ತನಾಳಗಳನ್ನು ಬೆಳೆಸುತ್ತವೆ, ಸುತ್ತಲಿನ ಅಂಗಾಂಶವನ್ನು ಸಡಿಲಿಸಿ ಹರಡುವಿಕೆಗೆ ಎಡೆ ಮಾಡುತ್ತವೆ ಮತ್ತು, ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಗಂಭೀರವಾದದ್ದು, ಗಡ್ಡೆಯನ್ನು ಕೊಲ್ಲಬಲ್ಲ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನೇ ತಡೆಯುತ್ತವೆ. ಗಡ್ಡೆಗಳೊಳಗೆ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1863ರಲ್ಲೇ ಗುರುತಿಸಿದ್ದರು.

ಎಲ್ಲ ಉರಿಯೂತವೂ ಕ್ಯಾನ್ಸರ್ ಆಗುವುದಿಲ್ಲ. ನೆಗಡಿ, ಸಣ್ಣ ಗಾಯಗಳ ಬಗ್ಗೆ ಈ ಭಯ ಬೇಡ. ಆದರೆ ತಂಬಾಕಿನ ನೈಟ್ರೋಸಮೈನುಗಳೆಂಬ ರಾಸಾಯನಿಕಗಳು ನೇರವಾಗಿಯೂ ಡಿಎನ್‌ಎಗೆ ಹಾನಿ ಮಾಡುತ್ತವೆ, ಅಡಿಕೆಯೂ ಸ್ವತಃ ಕ್ಯಾನ್ಸರ್‌ಕಾರಕವೇ. ಆದ್ದರಿಂದ ಉರಿಯೂತ ಶಮನದ ಮಾತ್ರೆಯನ್ನು ತಾವಾಗಿಯೇ ನುಂಗುವ ಬದಲು ಅವರು ತಂಬಾಕು, ಅಡಿಕೆ ಎರಡನ್ನೂ ಬಿಡಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಮುಂಬೈಯ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ, ಹತ್ತಿರದ ದಂತವೈದ್ಯರಲ್ಲಾಗಲಿ ತೋರಿಸಿ.